ಅರ್ಮೇನಿಯದ ಹಾಸ್ಯನಟ ಫ್ರುಂಜಿಕ್ ಮ್ಕರ್ತಿಚ್ಯಾನ್

ಕಳೆದ ಮಳೆಗಾಲದಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬನು ಅಂತರಶಾಲಾ ಭಾಷಣ ಸ್ಪರ್ಧೆಯಲ್ಲಿ ಹಿಂದಿಯಲ್ಲಿ ಮಾತನಾಡಲು ನಿಂತಿದ್ದನು. ರಾಯಚೂರಿನ ಕಡೆಯ ಹಳ್ಳಿಯಿಂದ ತಂದೆತಾಯಿಗಳೊಡನೆ ಮುಂಬಯಿಗೆ ಬಂದು ಅವನಿಗೆ ಎರಡು ವರ್ಷವೂ ತುಂಬಿರಲಿಲ್ಲ. ವಿಷಯವನ್ನು ಚೆನ್ನಾಗಿಯೇ ಸಿದ್ಧಪಡಿಸಿಕೊಂಡಿದ್ದನು. ಆದರೆ ಅವನ ಹಿಂದಿಯಲ್ಲಿ ಊರಿನ ಕನ್ನಡದ ಏರಿಳಿತವೆಲ್ಲ ಹಾಗೆಯೇ ಉಳಿದಿತ್ತು. ಎರಡನೆಯ ವಾಕ್ಯಕ್ಕೆ ಸಭೆಯ ಒಂದು ಮೂಲೆಯಲ್ಲಿ ಕಿಸಕ್ಕನೆ ನಗೆಯೆದ್ದಿತು. ನಾಲ್ಕನೆಯ ವಾಕ್ಯದ ಹೊತ್ತಿಗೆ ಸಭೆಯೆಲ್ಲ ನಗುತ್ತಿತ್ತು. ಹುಡುಗನು ಭಾಷಣವನ್ನು ಅರ್ಧಕ್ಕೆ ನಿಲ್ಲಿಸಿ ಇಳಿದು ಬಂದನು. ಹಿಂತಿರುಗುವಾಗ ಲೋಕಲ್ ಗಾಡಿಯಲ್ಲಿ ಅವನು ನನ್ನೊಡನೆ ಆಡಿದ್ದು ಒಂದೇ ಮಾತು: “ಸರ್, ಇನ್ಮ್ಯಾಲೆ ನಾ ಎಲ್ಲೂ ಮಾತಾಡಂಗಿಲ್ರಿ.”

ನನಗೆ ಆಗ ತಕ್ಕ ಉತ್ತರ ಹೊಳೆಯಲಿಲ್ಲ. ಕನ್ನಡದಲ್ಲಿಯೇ ಓದಿ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದ ಹೊಸತರಲ್ಲಿ ನನ್ನ ಮಾತನ್ನು ಕೇಳಿಯೂ ಅಂಗಡಿ ಬೀದಿಗಳಲ್ಲಿ ಜನ ನಕ್ಕಿದ್ದುಂಟು. ಅದನ್ನು ಮರೆತಿದ್ದೇನೆಂದು ಭಾವಿಸಿದ್ದೆ. ಮರೆತಿರಲಿಲ್ಲವೆಂಬುದು ಆ ದಿನ ತಿಳಿಯಿತು. ಕೆಲವು ವಾರಗಳ ತರುವಾಯ ‘ಮಿಮಿನೋ’ ಎಂಬ ಹಳೆಯ ಸೋವಿಯೆತ್ ಚಲಚ್ಚಿತ್ರವೊಂದನ್ನು ನೋಡುವ ಅವಕಾಶ ಒದಗಿತು. ಅದರಲ್ಲಿ ದೊಡ್ಡ ಮೂಗಿನ, ಖಿನ್ನವಾದ ಕಣ್ಣುಗಳ ಒಬ್ಬ ಲಾರಿ ಚಾಲಕನು ಮಹಾನಗರವೊಂದಕ್ಕೆ ಬಂದು, ತನ್ನದಲ್ಲದ ಭಾಷೆಯಲ್ಲಿ ತಡವರಿಸುತ್ತ ಮಾತನಾಡುತ್ತಾನೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಆ ನಗೆಯಲ್ಲಿ ತಿರಸ್ಕಾರದ ಲೇಶವೂ ಇರಲಿಲ್ಲ. ಈ ಎರಡು ನಗೆಗಳಿಗೂ ಇರುವ ಅಂತರವೇನೆಂದು ಯೋಚಿಸುತ್ತ ಆ ನಟನ ಚರಿತ್ರೆಯನ್ನು ಓದತೊಡಗಿದೆ. ಓದಿ ತಿಳಿದುದನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಆ ನಟರ ಹೆಸರು ಫ್ರುಂಜಿಕ್ ಮ್ಕರ್ತಿಚ್ಯಾನ್. ಈ ಮನೆತನದ ಹೆಸರನ್ನು ಉಚ್ಚರಿಸಲು ಒತ್ತಕ್ಷರಗಳಲ್ಲಿ ಪಳಗಿದ ಕನ್ನಡಿಗನ ನಾಲಗೆಯೂ ಸ್ವಲ್ಪ ಅಭ್ಯಾಸ ಮಾಡಬೇಕು! ಅರ್ಮೇನಿಯನ್ನರ ಮನೆತನದ ಹೆಸರುಗಳು ಸಾಮಾನ್ಯವಾಗಿ ‘ಯಾನ್’ ಎಂದು ಕೊನೆಗೊಳ್ಳುತ್ತವೆ. ‘ಇಂಥವರ ಮನೆಯವರು’ ಎಂದು ಅದರ ಭಾವ. ಅರ್ಮೇನಿಯ ದೇಶವು ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ, ಕಾಕಸಸ್ ಪರ್ವತಗಳ ದಕ್ಷಿಣದಲ್ಲಿರುವ ಸಣ್ಣ ನಾಡು. ಅದರ ಜನಸಂಖ್ಯೆ ಸುಮಾರು 30 ಲಕ್ಷ. ನಮ್ಮ ಮುಂಬಯಿಯ ಒಂದೆರಡು ಉಪನಗರಗಳ ಜನರನ್ನು ಕೂಡಿಸಿದರೆ ಅಷ್ಟಾದೀತು. ಆದರೆ ಭಾಷೆ ಪ್ರಾಚೀನವಾದದ್ದು. ಕ್ರಿಸ್ತಶಕ 405ರ ಸುಮಾರಿಗೆ ಮೆಸ್ರೋಪ್ ಮಾಶ್ತೋತ್ಸ್ ಎಂಬ ಸಾಧುವು ಆ ಭಾಷೆಗೆಂದೇ ಬೇರೆ ಲಿಪಿಯನ್ನು ರಚಿಸಿದನು. ಇಂದಿಗೂ ಅದೇ ಲಿಪಿಯಲ್ಲಿ ಅವರು ಬರೆಯುತ್ತಾರೆ. ವ್ಯಾಪಾರಕ್ಕಾಗಿ ಭಾರತಕ್ಕೂ ಬಂದು ನೆಲಸಿದ ಅರ್ಮೇನಿಯನ್ನರಿದ್ದರು. ಅವರ ಭಾಷೆಯ ಮೊತ್ತಮೊದಲ ಪತ್ರಿಕೆ ‘ಅಜ್ದಾರಾರ್’ 1794ರಲ್ಲಿ ಅಚ್ಚಾದದ್ದು ನಮ್ಮ ಮದರಾಸಿನಲ್ಲಿ. ನಾಡಿನಿಂದ ದೂರವಿದ್ದವರೇ ನಾಡಿನ ನುಡಿಗೆ ಮೊದಲ ಪತ್ರಿಕೆಯನ್ನು ಕೊಟ್ಟರೆಂಬುದನ್ನು ಹೊರನಾಡಿನ ಕನ್ನಡಿಗರಾದ ನಾವು ಗಮನಿಸಬೇಕು.

ಫ್ರುಂಜಿಕ್ ಹುಟ್ಟಿದ್ದು 1930ರ ಜುಲೈ 4ರಂದು, ಲೆನಿನಾಕಾನ್ ಪಟ್ಟಣದಲ್ಲಿ. ಇಂದು ಅದಕ್ಕೆ ಗ್ಯುಮ್ರಿ ಎಂಬ ಹೆಸರು. ಅವರ ತಂದೆ ಮುಶೆಗ್, ತಾಯಿ ಸನಮ್. ಇಬ್ಬರೂ ಅನಾಥರು. 1915ರಲ್ಲಿ ಆಟೊಮನ್ ತುರ್ಕರ ಆಡಳಿತದಲ್ಲಿ ಅರ್ಮೇನಿಯನ್ನರ ಮಹಾಹತ್ಯೆ ನಡೆದು ಲಕ್ಷಾಂತರ ಜನ ಮಡಿದರೆಂಬುದು ಇತಿಹಾಸ ಬಲ್ಲವರಿಗೆ ತಿಳಿದೇ ಇದೆ. ಆಗ ಉಳಿದುಕೊಂಡ ಮಕ್ಕಳನ್ನು ಗಡಿಯ ಈಚೆಗೆ ತಂದು ಸಾಕಬೇಕಾಯಿತು. ಇದೇ ಪಟ್ಟಣದಲ್ಲಿ ಅಮೆರಿಕದ ಪರಿಹಾರ ಸಂಸ್ಥೆಯೊಂದು ನಡೆಸುತ್ತಿದ್ದ ಅನಾಥಾಲಯಗಳಲ್ಲಿ ಒಂದು ಕಾಲಕ್ಕೆ 20,000ಕ್ಕೂ ಮಿಕ್ಕಿ ಮಕ್ಕಳಿದ್ದರು. ಊರಿಗೆ ಊರೇ ಅನಾಥ ಮಕ್ಕಳ ಊರಾಗಿತ್ತು. ಅಂಥ ಬಾಲ್ಯವನ್ನು ಕಳೆದ ಮುಶೆಗ್ ಮತ್ತು ಸನಮ್ ಬೆಳೆದು ದೊಡ್ಡವರಾಗಿ ಮದುವೆಯಾದರು. ಅಲ್ಲಿಯ ಬಟ್ಟೆಯ ಗಿರಣಿಯಲ್ಲಿ ದುಡಿದು ನಾಲ್ಕು ಮಕ್ಕಳನ್ನು ಸಾಕಿದರು. ತಾಯಿಗೆ ಗಿರಣಿಯ ಊಟದ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಗಿರಣಿಗಳಲ್ಲಿ ದುಡಿದ ಅಜ್ಜಂದಿರುಳ್ಳ ನಮ್ಮ ಮಕ್ಕಳಿಗೆ ಈ ಸಂಸಾರದ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಗನಿಗೆ ಇಟ್ಟ ಹೆಸರೂ ಆ ಕಾಲದ್ದೇ. 1925ರಲ್ಲಿ ತೀರಿಕೊಂಡ ಸೋವಿಯೆತ್ ಸೇನಾನಾಯಕ ಮಿಖಾಯಿಲ್ ಫ್ರುಂಜೆಯ ಹೆಸರಿಗೆ ಅರ್ಮೇನಿಯನ್ ನುಡಿಯ ಮುದ್ದಿನ ಪ್ರತ್ಯಯವಾದ ‘ಇಕ್’ ಸೇರಿಸಿ ಫ್ರುಂಜಿಕ್ ಎಂದರು. ಅಂದರೆ ‘ಪುಟ್ಟ ಫ್ರುಂಜೆ’. ದಂಡನಾಯಕನ ಹೆಸರನ್ನು ಹೊತ್ತ ಈ ಬಾಲಕನಾದರೋ ಯಾವ ಕೋನದಿಂದ ನೋಡಿದರೂ ದಂಡನಾಯಕನಂತಿರಲಿಲ್ಲ. ಸಪೂರವಾದ ದೇಹ, ಮುಖಕ್ಕೆ ಮೀರಿದ ಮೂಗು. ಗೆಳೆಯರು ಅವನ ಮೂಗನ್ನು ಹಾಸ್ಯಮಾಡುತ್ತಿದ್ದರು. ಅವನು ಅಳುವುದಕ್ಕೆ ಬದಲಾಗಿ ಅವರಿಗಿಂತ ಮೊದಲೇ ಅದನ್ನು ಹಾಸ್ಯಮಾಡುವುದನ್ನು ಕಲಿತನು. ಗ್ಯುಮ್ರಿಯು ಅರ್ಮೇನಿಯದಲ್ಲಿ ಹಾಸ್ಯಗಾರರ ಊರೆಂದೇ ಪ್ರಸಿದ್ಧ. ಚಮತ್ಕಾರದ ಮಾತಿಗೆ ಹೆಸರಾದ ಪೊಲೋಜ್ ಮುಕುಚ್ ಎಂಬವನ ಕಥೆಗಳನ್ನು ಅಲ್ಲಿಯ ಜನ ಇಂದಿಗೂ ಹೇಳಿಕೊಂಡು ನಗುತ್ತಾರೆ. ಆ ಊರಿನ ಗಾಳಿಯೇ ಹುಡುಗನ ಮೊದಲ ಗುರು.

ಮಗನ ಕೈಯಲ್ಲಿ ಚಿತ್ರಕಲೆ ಇರುವುದನ್ನು ಕಂಡ ತಂದೆಗೆ ಅವನನ್ನು ಚಿತ್ರಕಾರನನ್ನಾಗಿ ಮಾಡುವ ಆಸೆ. ಮಗನ ಮನಸ್ಸು ಮಾತ್ರ ನಾಟಕದಲ್ಲಿ. ಅವರು ವಾಸಿಸುತ್ತಿದ್ದ ಕಟ್ಟಡದ ಮೆಟ್ಟಲುಗಳ ತಿರುವಿನಲ್ಲಿ ಸ್ವಲ್ಪ ಬಯಲು ಜಾಗವಿತ್ತು. ಅಲ್ಲಿ ಒಂದು ಪರದೆಯನ್ನು ಕಟ್ಟಿ ಬಾಲಕನು ಒಬ್ಬನೇ ಎಲ್ಲ ಪಾತ್ರಗಳನ್ನೂ ಆಡುವನು; ನೆರೆಹೊರೆಯ ಮಕ್ಕಳು ಮೆಟ್ಟಲುಗಳ ಮೇಲೆ ಸಾಲಾಗಿ ಕುಳಿತು ನೋಡುವರು. ಮುಂಬಯಿಯ ಚಾಳುಗಳಲ್ಲಿ ಬೆಳೆದ ಮಕ್ಕಳು ಇಂಥ ರಂಗಮಂದಿರವನ್ನು ಕಂಡೇ ಇರುತ್ತಾರೆ.

ಎರಡನೆಯ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಮನೆಗೆ ದೊಡ್ಡ ಪೆಟ್ಟು ಬಿದ್ದಿತು. ಗಿರಣಿಯಿಂದ ಕೆಲವು ಮೀಟರು ಬಟ್ಟೆಯನ್ನು ಕದ್ದನೆಂದು ತಂದೆಗೆ ಸೆರೆವಾಸವಾಯಿತು. ಹಸಿವಿನ ಕಾಲದಲ್ಲಿ ಕಠೋರ ಕಾನೂನು! ಹಿರಿಯ ಮಗನು ಗಿರಣಿಯ ಕಾರ್ಮಿಕ ಸಂಘದ ಮಂದಿರದಲ್ಲಿ ಚಿತ್ರ ತೋರಿಸುವ ಯಂತ್ರದವನ ಕೈಕೆಳಗೆ ಕೆಲಸಕ್ಕೆ ಸೇರಿದನು. ಅದೇ ಮಂದಿರದ ಹವ್ಯಾಸಿ ನಾಟಕ ತಂಡದಲ್ಲಿ ಅವನ ಪ್ರತಿಭೆ ಹೊರಬಿದ್ದಿತು. ಅಲ್ಲಿಂದ ಊರಿನ ವೃತ್ತಿ ರಂಗಭೂಮಿ. ಅಲ್ಲಿಂದ ರಾಜಧಾನಿ ಯೆರೆವಾನಿನ ನಾಟಕ ವಿದ್ಯಾಲಯ. 1956ರಲ್ಲಿ ವ್ಯಾಸಂಗ ಮುಗಿಸಿ ಸುಂದುಕ್ಯಾನ್ ರಂಗಮಂದಿರವನ್ನು ಸೇರಿದರು. ಅರ್ಮೇನಿಯನ್ ಭಾಷೆಯಲ್ಲಿ ನಾಟಕವಾಡುವ ಆ ದೇಶದ ಹಿರಿಯ ಸಂಸ್ಥೆಯದು. ಹಕೋಬ್ ಪರೋನ್ಯಾನ್ ಎಂಬ ಹತ್ತೊಂಬತ್ತನೆಯ ಶತಮಾನದ ವಿಡಂಬನಕಾರನು ಬರೆದ ‘ಬಘ್ದಸಾರಣ್ಣ’ನ ಪಾತ್ರದಲ್ಲಿ ಅವರು ಬಹುವಾಗಿ ಮೆರೆದರು. ಮಾತನ್ನೇ ಆಡದೆ ರಂಗದ ಮೇಲೆ ಬಂದು ಸುಮ್ಮನೆ ನಿಂತರೂ ಸಭೆ ನಗುತ್ತಿತ್ತೆಂದು ಅವರನ್ನು ಬಲ್ಲವರು ಹೇಳುತ್ತಿದ್ದರು.

ಚಲಚ್ಚಿತ್ರಗಳಲ್ಲಿ ಅವರು 1950ರ ದಶಕದಿಂದಲೇ ಸಣ್ಣಪುಟ್ಟ ಪಾತ್ರಗಳನ್ನು ವಹಿಸುತ್ತಿದ್ದರು. ಇಡೀ ಸೋವಿಯೆತ್ ಒಕ್ಕೂಟಕ್ಕೆ ಅವರ ಮುಖದ ಪರಿಚಯವಾದದ್ದು 1967ರಲ್ಲಿ ತೆರೆಕಂಡ, ಲಿಯೊನಿದ್ ಗೈದಾಯ್ ನಿರ್ದೇಶಿಸಿದ ‘ಕಾಕಸಸ್ಸಿನ ಸೆರೆಯಾಳು’ ಎಂಬ ವಿನೋದ ಚಿತ್ರದಿಂದ. ಅಧಿಕಾರಿಯೊಬ್ಬನು ವಿದ್ಯಾರ್ಥಿನಿಯೊಬ್ಬಳನ್ನು ಬಲಾತ್ಕಾರವಾಗಿ ಮದುವೆಯಾಗಲೆಳಸುತ್ತಾನೆ. ಆ ಹುಡುಗಿಯ ಬಂಧುವೂ ಅಧಿಕಾರಿಯ ಕಾರು ಚಾಲಕನೂ ಆದ ಜಬ್ರಯೀಲನು ಅವಳ ಬೆಲೆಯನ್ನು ಚೌಕಾಸಿ ಮಾಡಿ 20 ಕುರಿಗಳಿಗೂ ಒಂದು ಫಿನ್‌ಲೆಂಡಿನ ಶೀತಪೆಟ್ಟಿಗೆಗೂ ಕುದುರಿಸುತ್ತಾನೆ. ಸಂತೆಯ ವ್ಯಾಪಾರದಂತೆ ಮುಖವನ್ನು ಗಂಭೀರವಾಗಿಟ್ಟುಕೊಂಡು ಮ್ಕರ್ತಿಚ್ಯಾನರು ಮಾಡುವ ಆ ಚೌಕಾಸಿಯಲ್ಲಿ ನಗೆಯೂ ಇದೆ, ಹೆಣ್ಣನ್ನು ಸರಕಾಗಿ ಕಾಣುವವರಿಗೆ ಚಾಟಿಯೂ ಇದೆ. ಆ ವರ್ಷದ ಸೋವಿಯೆತ್ ಚಿತ್ರಗಳಲ್ಲಿ ಅತಿ ಹೆಚ್ಚು ಪ್ರೇಕ್ಷಕರನ್ನು ಪಡೆದದ್ದು ಇದೇ. ಏಳೂವರೆ ಕೋಟಿಗೂ ಹೆಚ್ಚು ಟಿಕೀಟುಗಳು ಮಾರಾಟವಾದವು.

ಇಷ್ಟು ಹೆಸರು ಬಂದಮೇಲೆ ಅವರು ಮಾಸ್ಕೋದಲ್ಲಿ ಮನೆಮಾಡಿಕೊಂಡು ರಷ್ಯನ್ ಚಿತ್ರಗಳಲ್ಲಿಯೇ ಉಳಿದುಬಿಡಬಹುದಾಗಿತ್ತು. ಹಾಗೆ ಮಾಡಲಿಲ್ಲ. ಅದೇ 1967ರಲ್ಲಿ ಹೆನ್ರಿಕ್ ಮಾಲ್ಯಾನರ ‘ತ್ರಿಕೋಣ’ ಎಂಬ ಅರ್ಮೇನಿಯನ್ ಚಿತ್ರದಲ್ಲಿ ಅಭಿನಯಿಸಿದರು. ತ್ರಿಕೋಣಾಕಾರದ ಪುಟ್ಟ ಕುಲುಮೆಯೊಂದರಲ್ಲಿ ಕೂಡಿ ದುಡಿಯುವ ಐವರು ಕಮ್ಮಾರರ ಕಥೆಯದು; ಯುದ್ಧ ಬಂದು ಆ ಸ್ನೇಹದ ಒಲೆಯನ್ನು ಕಲಕುತ್ತದೆ. 1969ರಲ್ಲಿ ಅದೇ ನಿರ್ದೇಶಕರ ‘ನಾವು ಮತ್ತು ನಮ್ಮ ಬೆಟ್ಟಗಳು’ ಬಂದಿತು. ಹ್ರಾಂತ್ ಮಾತೆವೊಸ್ಯಾನ್ ಎಂಬ ಸಾಹಿತಿಯ ಕಥೆ. ನೆರೆಯವನ ಕೆಲವು ಕುರಿಗಳನ್ನು ಕುರುಬರು ಕಡಿದು ತಿಂದುಬಿಡುತ್ತಾರೆ. ಅದನ್ನು ವಿಚಾರಿಸಲು ಪೊಲೀಸಿನವನು ಬೆಟ್ಟಕ್ಕೆ ಬರುತ್ತಾನೆ. ಬೆಟ್ಟದವರ ನ್ಯಾಯವೊಂದು, ಪುಸ್ತಕದ ನ್ಯಾಯವೊಂದು. ಇವೆರಡರ ಜಗ್ಗಾಟದಲ್ಲಿ ಹಾಸ್ಯ ತಾನಾಗಿ ಹುಟ್ಟುತ್ತದೆ. ಇಲ್ಲಿ ಅವರು ಇಶ್ಖಾನ್ ಎಂಬ ಕುರುಬ. ಕಣ್ಣು ಮುಚ್ಚಿ ತೆರೆಯುವುದರೊಳಗೆ ನಗುವಿನಿಂದ ಮೌನಕ್ಕೆ ಜಾರುವ ಅವರ ಮುಖವನ್ನು ಈ ಚಿತ್ರಗಳಲ್ಲಿ ನೋಡಬೇಕು.

ಇನ್ನು ‘ಮಿಮಿನೋ’ ಚಿತ್ರಕ್ಕೆ ಬರೋಣ. 1977ರಲ್ಲಿ ಬಂದ ಈ ಚಿತ್ರದ ನಿರ್ದೇಶಕರು ಗಿಯೊರ್ಗಿ ದಾನೆಲಿಯಾ, ಅವರು ಜಾರ್ಜಿಯದವರು. ಮಿಮಿನೋ ಎಂದರೆ ಜಾರ್ಜಿಯನ್ ಭಾಷೆಯಲ್ಲಿ ಗಿಡುಗ. ಜಾರ್ಜಿಯದ ಬೆಟ್ಟಗಳಲ್ಲಿ ಹೆಲಿಕಾಪ್ಟರ್ ಹಾರಿಸುವ ವಲಿಕೋ ಎಂಬವನು ದೊಡ್ಡ ವಿಮಾನಗಳ ಚಾಲಕನಾಗುವ ಆಸೆಯಿಂದ ಮಾಸ್ಕೋಗೆ ಬರುತ್ತಾನೆ. ಅಲ್ಲಿಯ ಭಾರಿ ವಸತಿಗೃಹವೊಂದರಲ್ಲಿ, ವೈದ್ಯ ಸಮ್ಮೇಳನಕ್ಕೆ ಬಂದವರೆಂದು ತಪ್ಪಾಗಿ ತಿಳಿದು, ಅವನಿಗೂ ಅರ್ಮೇನಿಯದ ದಿಲಿಜಾನ್ ಊರಿನ ಲಾರಿ ಚಾಲಕ ರೂಬಿಕನಿಗೂ ಒಂದೇ ಕೋಣೆಯನ್ನು ಕೊಡುತ್ತಾರೆ. ವಲಿಕೋನ ಪಾತ್ರದಲ್ಲಿ ವಖ್ತಾಂಗ್ ಕಿಕಾಬಿದ್ಜೆ; ರೂಬಿಕನ ಪಾತ್ರದಲ್ಲಿ ನಮ್ಮ ಮ್ಕರ್ತಿಚ್ಯಾನರು. ಒಬ್ಬನಿಗೆ ಇನ್ನೊಬ್ಬನ ಮಾತೃಭಾಷೆ ಬಾರದು. ಇಬ್ಬರಿಗೂ ನಡುವೆ ಸೇತುವೆಯಾಗಿರುವುದು ರಷ್ಯನ್. ಅದು ಇಬ್ಬರದೂ ಅಲ್ಲ. ಇಬ್ಬರೂ ಅದನ್ನು ತಮ್ಮ ತಮ್ಮ ಊರಿನ ರಾಗದಲ್ಲಿಯೇ ಆಡುತ್ತಾರೆ.

ಚಿತ್ರದ ಕೊನೆಯ ಕಡೆ ವಲಿಕೋನು ಒಂದು ಜಗಳದಲ್ಲಿ ಸಿಕ್ಕಿ ನ್ಯಾಯಾಲಯದಲ್ಲಿ ನಿಲ್ಲಬೇಕಾಗುತ್ತದೆ. ಸಾಕ್ಷಿಯಾಗಿ ಬಂದವನು ರೂಬಿಕ್. ಮಿತ್ರನನ್ನು ಹೇಗಾದರೂ ಪಾರುಮಾಡಬೇಕೆಂಬ ತವಕ; ಹೇಳಬೇಕಾದುದಕ್ಕೆಲ್ಲ ರಷ್ಯನ್ ಪದಗಳು ಸಾಲವು. ವ್ಯಾಕರಣವನ್ನು ಮುರಿಯುತ್ತಾನೆ, ಪದಗಳನ್ನು ತಿರುಚುತ್ತಾನೆ, ಬಿಡಿಸಲು ಹೋದಂತೆಲ್ಲ ಇನ್ನಷ್ಟು ಗಂಟುಹಾಕುತ್ತಾನೆ. ಪ್ರೇಕ್ಷಕನು ನಕ್ಕು ನಕ್ಕು ಸುಸ್ತಾಗುತ್ತಾನೆ. ಆದರೆ ಗಮನಿಸಿರಿ: ನಮ್ಮ ನಗೆ ರೂಬಿಕನನ್ನು ಕೆಳಕ್ಕೆ ತಳ್ಳುವುದಿಲ್ಲ. ಮುರಿದ ವಾಕ್ಯಗಳ ಹಿಂದೆ ಒಡೆಯದ ಸ್ನೇಹವೊಂದು ನಮಗೆ ಕಾಣುತ್ತಿರುತ್ತದೆ. ಅವನಿಗೆ ತನ್ನ ಮಾತಿನ ಬಗ್ಗೆ ನಾಚಿಕೆಯಿಲ್ಲ. ಅವನ ಚಿಂತೆಯೆಲ್ಲ ಮಿತ್ರನದು. ನಾಚಿಕೊಳ್ಳದವನನ್ನು ಯಾರ ನಗೆಯೂ ಅವಮಾನಿಸಲಾರದು. ಭಾಷಣ ಸ್ಪರ್ಧೆಯ ಸಭೆಯಲ್ಲಿ ಎದ್ದ ನಗೆಗೂ ಈ ನಗೆಗೂ ಇರುವ ಅಂತರ ಇಷ್ಟೇ. ಅಲ್ಲಿಯವರು ಉಚ್ಚಾರಣೆಯನ್ನು ಮಾತ್ರ ಕೇಳಿದರು, ಹುಡುಗನನ್ನು ಕೇಳಲಿಲ್ಲ. ಮ್ಕರ್ತಿಚ್ಯಾನರಾದರೋ ಉಚ್ಚಾರಣೆಯ ಮೂಲಕವೇ ಮನುಷ್ಯನನ್ನು ಕೇಳುವಂತೆ ಮಾಡಿದರು.

ಆ ವರ್ಷ ಮಾಸ್ಕೋ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ‘ಮಿಮಿನೋ’ ಬಂಗಾರದ ಬಹುಮಾನವನ್ನು ಪಡೆಯಿತು. ಮರುವರ್ಷ, 1978ರಲ್ಲಿ, ಈ ಚಿತ್ರಕ್ಕಾಗಿ ಅವರಿಗೆ ಸೋವಿಯೆತ್ ಒಕ್ಕೂಟದ ರಾಜ್ಯ ಪುರಸ್ಕಾರ ದೊರೆಯಿತು. 1984ರಲ್ಲಿ ಒಕ್ಕೂಟದ ‘ಜನತಾ ಕಲಾವಿದ’ರೆಂಬ ಅತ್ಯುನ್ನತ ಬಿರುದೂ ಬಂದಿತು.

1977ರಲ್ಲಿಯೇ ಬಂದ ‘ಸೈನಿಕ ಮತ್ತು ಆನೆ’ ಎಂಬ ಇನ್ನೊಂದು ಚಿತ್ರ ಮಕ್ಕಳಿಗೆ ವಿಶೇಷವಾಗಿ ಪ್ರಿಯವಾಗತಕ್ಕದ್ದು. ಯುದ್ಧ ಮುಗಿದಮೇಲೆ ಅರ್ಮೇನಿಯದ ಸೈನಿಕನೊಬ್ಬನು ದೂರದ ಜರ್ಮನಿಯಿಂದ ಒಂದು ಆನೆಯನ್ನು ತನ್ನ ನಾಡಿಗೆ ಕರೆತರುವ ಕಥೆ. ಆನೆಯ ಪಕ್ಕದಲ್ಲಿ ನಿಂತಾಗ ದೊಡ್ಡ ಮೂಗಿನ ಈ ಸೈನಿಕನನ್ನು ಕಂಡು ನಗದವರಾರು? ಆದರೂ ಯುದ್ಧದಿಂದ ಹಾಳಾದ ಲೋಕದಲ್ಲಿ ಮೂಕಪ್ರಾಣಿಯೊಂದನ್ನು ಜೋಪಾನವಾಗಿ ಮನೆಮುಟ್ಟಿಸುವ ಅವನ ಅಕ್ಕರೆ ಮನಸ್ಸನ್ನು ಕರಗಿಸುತ್ತದೆ.

ನಮ್ಮ ನಗರಕ್ಕೂ ಈ ನಟರಿಗೂ ಒಂದು ನಂಟುಂಟು. ಉಜ್ಬೆಕಿಸ್ತಾನದ ಚಿತ್ರಸಂಸ್ಥೆಯೂ ಮುಂಬಯಿಯ ನಿರ್ಮಾಪಕರೂ ಕೂಡಿ ತೆಗೆದು 1980ರಲ್ಲಿ ಬಿಡುಗಡೆ ಮಾಡಿದ ಹಿಂದಿಯ ‘ಅಲಿಬಾಬಾ ಔರ್ ಚಾಲೀಸ್ ಚೋರ್’ ಚಿತ್ರವನ್ನು ನಿಮ್ಮ ತಂದೆತಾಯಿಗಳು ನೋಡಿರಬಹುದು. ಲತೀಫ್ ಫೈಜಿಯೆವ್ ಮತ್ತು ಉಮೇಶ್ ಮೆಹ್ರಾ ಅದರ ನಿರ್ದೇಶಕರು; ಧರ್ಮೇಂದ್ರ, ಹೇಮಾಮಾಲಿನಿ, ಜೀನತ್ ಅಮಾನ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಅವರ ನಡುವೆ ಮ್ಕರ್ತಿಚ್ಯಾನರೂ ಇದ್ದಾರೆ. ಇನ್ನೊಮ್ಮೆ ಆ ಚಿತ್ರವನ್ನು ನೋಡುವಾಗ ಆ ಮೂಗನ್ನೂ ಆ ಕಣ್ಣುಗಳನ್ನೂ ಹುಡುಕಿರಿ.

ಆ ಕಣ್ಣುಗಳ ಖಿನ್ನತೆ ನಟನೆಯಲ್ಲ. ನಾಟ್ಯಶಾಸ್ತ್ರವು ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ, ರೌದ್ರದಿಂದ ಕರುಣ ಹುಟ್ಟುತ್ತದೆ ಎಂದು ಹೇಳುತ್ತದೆ. ಭರತಮುನಿಯ ಮಾತನ್ನು ತಿದ್ದುವ ಅರ್ಹತೆ ನನಗಿಲ್ಲ. ಆದರೂ ಈ ನಟರ ಜೀವನವನ್ನು ನೋಡಿದರೆ ಹಾಸ್ಯ ಮತ್ತು ಕರುಣ ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರೆಂದೇ ತೋರುತ್ತದೆ. ಅವರ ಪತ್ನಿಯೂ ನಟಿ. ‘ಕಾಕಸಸ್ಸಿನ ಸೆರೆಯಾಳು’ ಚಿತ್ರದಲ್ಲಿ ಆಕೆಯೂ ಪಾತ್ರವಹಿಸಿದ್ದರು. ಮುಂದೆ ಆಕೆಗೆ ಮಾನಸಿಕ ವ್ಯಾಧಿ ತಗಲಿ ವಾಸಿಯಾಗಲಿಲ್ಲ. ಮಗನಿಗೂ ಅದೇ ವ್ಯಾಧಿ ಬಂದಿತು. ಊರವರೆಲ್ಲ ಬೀದಿಯಲ್ಲಿ ಕಂಡೊಡನೆ ನಗುತ್ತ ಮುತ್ತಿಕೊಳ್ಳುತ್ತಿದ್ದ ಮನುಷ್ಯನು ಮನೆಗೆ ಹೋಗಿ ಈ ಸಂಕಟದ ಜೊತೆ ಕೂರಬೇಕಾಗಿತ್ತು. ಅದು ಸಾಲದೆಂಬಂತೆ 1988ರ ಡಿಸೆಂಬರ್ 7ರಂದು ಭೀಕರ ಭೂಕಂಪವಾಯಿತು. ಅವರು ಹುಟ್ಟಿ ಬೆಳೆದ ಲೆನಿನಾಕಾನಿನ ಬಹುಭಾಗ ನೆಲಸಮವಾಯಿತು. ಆ ಸೀಮೆಯಲ್ಲಿ ಸುಮಾರು 25,000 ಜನ ಮಡಿದರು.

ಈ ಊರಿನ ಹಳೆಯ ಬಾಳನ್ನು ಅವರ ತಮ್ಮ, ನಿರ್ದೇಶಕ ಆಲ್ಬರ್ಟ್ ಮ್ಕರ್ತಿಚ್ಯಾನರು ಅದಕ್ಕೂ ಮುನ್ನವೇ ಎರಡು ಚಿತ್ರಗಳಲ್ಲಿ ಹಿಡಿದಿಟ್ಟಿದ್ದರೆಂಬುದು ಒಂದು ಭಾಗ್ಯ. ಯುದ್ಧಕಾಲದ ಲೆನಿನಾಕಾನಿನ ನಾಟಕದವರ ಕಥೆಯಾದ ‘ಹಳೆಯ ದಿನಗಳ ಹಾಡು’ 1982ರಲ್ಲಿ ಬಂದಿತು. ಯುದ್ಧಾನಂತರದ ಸಂಸಾರವೊಂದರ ಕಥೆಯಾದ ‘ನಮ್ಮ ಬಾಲ್ಯದ ಟ್ಯಾಂಗೊ’ ಕೆಲವು ವರ್ಷಗಳಲ್ಲಿಯೇ ಅದನ್ನು ಹಿಂಬಾಲಿಸಿತು. ಎರಡರಲ್ಲಿಯೂ ಅಣ್ಣನೇ ಮುಖ್ಯ ನಟ. ಈ ಚಿತ್ರಗಳಲ್ಲಿ ನಗುತ್ತಿರುವಾಗಲೇ ಗಂಟಲು ಕಟ್ಟುತ್ತದೆ.

1991ರಲ್ಲಿ ಸೋವಿಯೆತ್ ಒಕ್ಕೂಟ ಒಡೆದು ಅರ್ಮೇನಿಯ ಸ್ವತಂತ್ರವಾಯಿತು. ಸ್ವಾತಂತ್ರ್ಯದ ಮೊದಲ ವರ್ಷಗಳು ಬಹು ಕಷ್ಟದವು. ನೆರೆಯ ಅಜರ್ಬೈಜಾನಿನೊಡನೆ ಯುದ್ಧ, ಗಡಿಗಳಿಗೆ ದಿಗ್ಬಂಧ, ಭೂಕಂಪದ ಭಯದಿಂದ 1989ರಲ್ಲಿ ಮುಚ್ಚಿದ ಅಣು ವಿದ್ಯುತ್ ಸ್ಥಾವರ ಇನ್ನೂ ತೆರೆದಿರಲಿಲ್ಲ. ಹಿಮ ಸುರಿಯುವ ಚಳಿಗಾಲದಲ್ಲಿ ದಿನಕ್ಕೆ ಒಂದೆರಡು ಗಂಟೆ ಮಾತ್ರ ವಿದ್ಯುತ್ತು. ಜನ ಪೀಠೋಪಕರಣಗಳನ್ನು ಒಡೆದು ಒಲೆಗೆ ಹಾಕಿದರು. ಅಂಥ ಕತ್ತಲೆಯ 1993ರ ಡಿಸೆಂಬರ್ 29ರಂದು ಮ್ಕರ್ತಿಚ್ಯಾನರು ಯೆರೆವಾನಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 63. ಅಂತ್ಯಕ್ರಿಯೆ ನಡೆದದ್ದು ವರ್ಷದ ಕೊನೆಯ ದಿನ. ಮನೆಯಲ್ಲಿ ದೀಪವಿಲ್ಲದ, ಒಲೆಯಲ್ಲಿ ಬೆಂಕಿಯಿಲ್ಲದ ಜನ ಸಾವಿರ ಸಾವಿರವಾಗಿ ಬೀದಿಗೆ ಬಂದು ತಮ್ಮನ್ನು ನಗಿಸಿದವರನ್ನು ಕಳುಹಿಸಿಕೊಟ್ಟರು. ನಾಡಿನ ಮಹನೀಯರು ಮಲಗಿರುವ ಕೋಮಿತಾಸ್ ಸಮಾಧಿವನದಲ್ಲಿ ಅವರನ್ನು ಮಣ್ಣುಮಾಡಲಾಯಿತು. ಗ್ಯುಮ್ರಿಯಲ್ಲಿ ಇಂದು ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ದಿಲಿಜಾನಿನಲ್ಲಿ ‘ಮಿಮಿನೋ’ ಚಿತ್ರದ ಮಿತ್ರರ ಪ್ರತಿಮೆಗಳಿವೆ. ಕಲ್ಪನೆಯ ಲಾರಿ ಚಾಲಕನೊಬ್ಬನಿಗೆ ಅವನ ‘ಸ್ವಂತ’ ಊರಿನವರು ಸ್ಮಾರಕ ಕಟ್ಟಿದ್ದಾರೆ!

ಇನ್ನೊಂದು ವಿಷಯವನ್ನು ಹೇಳಿ ಮುಗಿಸುತ್ತೇನೆ. ಹೊರಜಗತ್ತು ಅವರನ್ನು ಫ್ರುಂಜಿಕ್ ಎಂದು ಕರೆದರೆ, ಅರ್ಮೇನಿಯನ್ನರು ಪ್ರೀತಿಯಿಂದ ‘ಮ್ಹೇರ್’ ಎಂದು ಕರೆಯುತ್ತಾರೆ. ಮ್ಹೇರ್ ಎಂಬುದು ಸಾಸೂನ್ ಸೀಮೆಯ ವೀರರನ್ನು ಕೊಂಡಾಡುವ ಅವರ ಜನಪದ ಮಹಾಕಾವ್ಯದ ವೀರನ ಹೆಸರು. ಅದರ ಮೂಲ ಪ್ರಾಚೀನ ಇರಾನಿನ ಮಿಥ್ರ ದೇವತೆ. ಅವನೇ ನಮ್ಮ ವೇದಗಳ ‘ಮಿತ್ರ’ನ ಬಂಧು. ಸ್ನೇಹಿತನೆಂಬ ಅರ್ಥದಲ್ಲಿ ನಾವು ದಿನವೂ ಬಳಸುವ ಪದವೇ ಅದು. ದಂಡನಾಯಕನ ಹೆಸರಿಟ್ಟುಕೊಂಡು ಬಂದವರು ಕೊನೆಗೆ ಮಿತ್ರನ ಹೆಸರಿನಲ್ಲಿ ಉಳಿದರು.

ವಿದ್ಯಾರ್ಥಿ ಮಿತ್ರರೆ, ಈ ನಗರದ ಭಾಷೆಗಳನ್ನು ಚೆನ್ನಾಗಿ ಕಲಿಯಿರಿ; ತಪ್ಪಾದರೆ ತಿದ್ದಿಕೊಳ್ಳಿರಿ. ಅದು ನಿಮ್ಮ ಕರ್ತವ್ಯ. ಆದರೆ ನಾಲಗೆಯ ಮೇಲಿರುವ ಊರಿನ ರುಚಿಗಾಗಿ ತಲೆತಗ್ಗಿಸಬೇಡಿರಿ. ಹಾಗೆಯೇ ನಮ್ಮ ಶಾಲೆಗೆ ಬೇರೆ ಊರಿನ, ಬೇರೆ ಸೀಮೆಯ ಕನ್ನಡವನ್ನಾಡುವ ಮಗು ಬಂದಾಗ ಅದನ್ನು ನೋಡಿ ಕಿಸಕ್ಕೆನ್ನಬೇಡಿರಿ. ನಾವು ಕೂಡ ಈ ತಪ್ಪನ್ನು ಮಾಡುವುದುಂಟು. ‘ಮಿಮಿನೋ’ ಚಿತ್ರದ ನ್ಯಾಯಾಲಯದ ದೃಶ್ಯವನ್ನು ಎಂಟನೆಯ ತರಗತಿಯವರಿಗೆ ಒಂದು ದಿನ ತೋರಿಸಿದೆ. ಎಲ್ಲರಿಗಿಂತ ಮೊದಲು ನಕ್ಕವನು ಆ ಹುಡುಗನೇ. ಅವನು ಮತ್ತೆ ವೇದಿಕೆಯನ್ನು ಇನ್ನೂ ಏರಿಲ್ಲ. ಮುಂದಿನ ಸ್ಪರ್ಧೆಗೆ ಕಳುಹಿಸಬೇಕಾದ ಹೆಸರುಗಳ ಪಟ್ಟಿ ನನ್ನ ಮೇಜಿನ ಮೇಲಿದೆ. ಅದರಲ್ಲಿ ಒಂದು ಸಾಲನ್ನು ಬರೆಯದೆ ಬಿಟ್ಟಿದ್ದೇನೆ. ತುಂಬುವ ಕೆಲಸ ಅವನದು.